ಗಿಟ್‌ಹಬ್ ಆಕ್ಷನ್ಸ್‌ನ ಎನ್ವಿರಾನ್ಮೆಂಟ್ ವೇರಿಯಬಲ್ಸ್: ದಿನಾ ಬಳಸೋರ ಕಡೆಯಿಂದ ಒಂದು ರಿವ್ಯೂ

ಗಿಟ್‌ಹಬ್ ಆಕ್ಷನ್ಸ್ (ಗಿಟ್‌ಹಬ್‌ನಲ್ಲಿಟ್ಟ ಕೋಡನ್ನ ತಾನಾಗೇ ಬಿಲ್ಡ್ ಮಾಡಿ, ಟೆಸ್ಟ್ ಮಾಡಿ, ಸರ್ವರಿಗೆ ಡಿಪ್ಲಾಯ್ ಮಾಡೋ ಸೇವೆ) ಅಂದ್ರೆ ಎಲ್ರೂ ಸ್ಪೀಡು, ರೇಟು ಅಂತ ಶುರು ಮಾಡ್ತಾರೆ, ನಾನು ಒಂದೇ ವಿಷಯ ಹಿಡ್ಕೊಂಡು ಬರೀತೀನಿ, ಎನ್ವಿರಾನ್ಮೆಂಟ್ ವೇರಿಯಬಲ್ಸ್, ಅಂದ್ರೆ ಪ್ರೋಗ್ರಾಂ ಓಡೋವಾಗ ಅದಕ್ಕೆ ಹೊರಗಿಂದ ಕೊಡೋ ಹೆಸರು, ಬೆಲೆ (ವ್ಯಾಲ್ಯೂ) ಜೋಡಿಗಳು. ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡಿದ ಬಿಲ್ಡ್ ಅಲ್ಲಿ ಹೋಗಿ ಯಾಕೆ ಬಿತ್ತು ಅಂತ ಹುಡುಕಿದ್ರೆ ಎಷ್ಟೋ ಸಲ ಇಲ್ಲಿಗೇ ಬಂದು ನಿಲ್ತೀವಿ, ಪಾಸ್‌ವರ್ಡು ಕೀಗಳು ಸೋರಿಹೋಗೋ ದಾರೀನೂ ಇದೇ. ನಮ್ದು ಜೆಪಿ ನಗರದಲ್ಲಿರೋ ಸಣ್ಣ ಟೀಮು, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತೀವಿ, ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆ ನಮ್ಮ ಗಿರಾಕಿಗಳ ಗಲ್ಲಾ ಪಕ್ಕ ಇರೋದು ವಿಂಡೋಸ್ ಪೀಸಿ, ಬಿಲ್ಲು ಕನ್ನಡದಲ್ಲೂ ಪ್ರಿಂಟ್ ಆಗ್ಬೇಕು, ಹಾಗಾಗಿ ಲಿನಕ್ಸ್ ರನ್ನರೂ (ಬಿಲ್ಡ್ ಓಡೋ ಮಷೀನು) ಬೇಕು ವಿಂಡೋಸ್ ರನ್ನರೂ ಬೇಕು. 5ಕ್ಕೆ 4 ಸ್ಟಾರ್ ಕೊಡ್ತೀನಿ, ಒಂದು ಯಾಕೆ ಕಟ್ ಮಾಡಿದೆ ಅಂತ ಆಮೇಲೆ ಹೇಳ್ತೀನಿ.

ಮೊದ್ಲು ನಂಗೆ ತುಂಬಾ ಇಷ್ಟ ಆಗಿರೋದು. ವರ್ಕ್‌ಫ್ಲೋ ಫೈಲಲ್ಲಿ (ಏನೇನು ಓಡಬೇಕು ಅಂತ ಬರೆದಿಡೋ ಫೈಲು, ಅದರೊಳಗೆ ಜಾಬ್‌ಗಳು, ಜಾಬ್ ಒಳಗೆ ಸ್ಟೆಪ್‌ಗಳು) ವೇರಿಯಬಲ್‌ನ ಮೂರು ಕಡೆ ಬರೀಬಹುದು, ಇಡೀ ವರ್ಕ್‌ಫ್ಲೋಗೆ, ಒಂದು ಜಾಬ್‌ಗೆ, ಇಲ್ಲಾ ಒಂದೇ ಒಂದು ಸ್ಟೆಪ್‌ಗೆ. ಒಂದೇ ಹೆಸರು ಮೂರೂ ಕಡೆ ಇದ್ರೆ ಒಳಗಡೆ ಇರೋದೇ ಗೆಲ್ಲುತ್ತೆ, ಅಂದ್ರೆ ಸ್ಟೆಪ್ಪಿನದು ಜಾಬಿನ ಮೇಲೆ, ಜಾಬಿನದು ವರ್ಕ್‌ಫ್ಲೋ ಮೇಲೆ. ರೂಲ್ ಇಷ್ಟೇ, ಹೊಸಬರಿಗೆ ಎರಡು ನಿಮಿಷದಲ್ಲಿ ಅರ್ಥ ಮಾಡಿಸಬಹುದು. ಇದೇ ಥರದ ಇನ್ನೊಂದು ಸೇವೆ ಗಿಟ್‌ಲ್ಯಾಬ್‌ನಲ್ಲಿ ಯಾವ ವೇರಿಯಬಲ್ ಯಾವುದನ್ನ ಮೀರುತ್ತೆ ಅನ್ನೋ ಪಟ್ಟಿ ಉದ್ದಕ್ಕಿದೆ, ಪವರ್‌ಫುಲ್ ಹೌದು, ಆದ್ರೆ ನಮ್ಮಂಥ ಸಣ್ಣ ಟೀಮಿಗೆ ಅಷ್ಟೆಲ್ಲ ನೆನಪಿಟ್ಕೊಳ್ಳೋದು ಕಷ್ಟ.

ಎಲ್ಲರೂ ಎಡವೋ ಜಾಗ ಒಂದಿದೆ. ನಮ್ಮ ಟೀಮಿಗೆ ಸೇರಿದ ಪ್ರತಿಯೊಬ್ಬರೂ ಮೊದಲ ವಾರದಲ್ಲೇ ಕೇಳೋ ಪ್ರಶ್ನೆ, "ಮಗಾ, ಎಕ್ಸ್‌ಪೋರ್ಟ್ ಮಾಡಿದೀನಿ ಕಣೋ, ಕೆಳಗಿನ ಸ್ಟೆಪ್‌ನಲ್ಲಿ ಖಾಲಿ ಬರ್ತಿದೆ ನೋಡು". ಖಾಲಿ ಬರಲೇಬೇಕು, ಯಾಕಂದ್ರೆ ಒಂದೊಂದು ರನ್ ಸ್ಟೆಪ್ಪೂ ಬೇರೆ ಬೇರೆ ಶೆಲ್ ಪ್ರಾಸೆಸ್ (ಕಮ್ಯಾಂಡ್ ಓಡಿಸೋ ಪ್ರೋಗ್ರಾಂ), ಆ ಶೆಲ್ ಮುಗೀತು ಅಂದ್ರೆ ಅದರಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದೂ, ಅಂದ್ರೆ ಅಲ್ಲಿ ಸೆಟ್ ಮಾಡಿದ ವೇರಿಯಬಲ್ಲೂ ಹೋಯ್ತು. ಮುಂದಿನ ಸ್ಟೆಪ್‌ಗೆ ದಾಟಿಸ್ಬೇಕು ಅಂದ್ರೆ ಗಿಟ್‌ಹಬ್ ಅಂಡರ್‌ಸ್ಕೋರ್ ಎನ್ವ್ (GITHUB_ENV) ಅನ್ನೋ ವೇರಿಯಬಲ್ ತೋರಿಸೋ ಫೈಲಿನ ಕೊನೆಗೆ ಹೆಸರು, ಈಕ್ವಲ್ ಟು, ಬೆಲೆ ಅಂತ ಒಂದು ಲೈನ್ ಸೇರಿಸ್ಬೇಕು. ಸೇರಿಸಿದ ಸ್ಟೆಪ್‌ನಲ್ಲೇ ಅದು ಸಿಗಲ್ಲ, ಅದಾದ್ಮೇಲಿನ ಸ್ಟೆಪ್‌ಗಳಿಗೆ ಮಾತ್ರ, ಅದೂ ಆ ಜಾಬ್ ಒಳಗಡೆ ಮಾತ್ರ. ಇನ್ನೊಂದು ಜಾಬ್‌ಗೆ ಬೇಕು ಅಂದ್ರೆ ಔಟ್‌ಪುಟ್ ಮಾಡಿ ಕಳಿಸ್ಬೇಕು. ಈ ಫೈಲ್ ಪದ್ಧತಿ ಸುತ್ತುಬಳಸು ಅನ್ಸುತ್ತೆ, ಆದ್ರೆ ಅದಕ್ಕೆ ಕಾರಣ ಇದೆ. ಮೊದ್ಲು ಸೆಟ್ ಎನ್ವ್ ಅಂತ ಒಂದು ಕಮ್ಯಾಂಡ್ ಇತ್ತು, ಲಾಗ್‌ನಲ್ಲಿ (ಬಿಲ್ಡ್ ಓಡೋವಾಗ ಪ್ರಿಂಟ್ ಆಗೋ ಸಾಲುಗಳು) ಒಂದು ನಿರ್ದಿಷ್ಟ ಥರದ ಲೈನ್ ಪ್ರಿಂಟ್ ಆದ್ರೆ ಸಾಕು ವೇರಿಯಬಲ್ ಸೆಟ್ ಆಗ್ತಿತ್ತು. ಅಂದ್ರೆ ನಿಮ್ಮ ಟೆಸ್ಟು ಹೊರಗಿನವರು ಬರೆದ ಯಾವುದೋ ಟೆಕ್ಸ್ಟ್‌ನ ಸುಮ್ನೆ ಪ್ರಿಂಟ್ ಮಾಡಿದ್ರೂ ಅವರು ನಿಮ್ಮ ಬಿಲ್ಡಿನ ಪಾತ್ (ಪ್ರೋಗ್ರಾಂಗಳನ್ನ ಯಾವ ಫೋಲ್ಡರಲ್ಲಿ ಹುಡುಕಬೇಕು ಅನ್ನೋ ಪಟ್ಟಿ) ಬದಲಾಯಿಸಬಹುದಿತ್ತು. 2020ರಲ್ಲಿ ಅದನ್ನ ನಿಲ್ಲಿಸಿ ಫೈಲಿಗೆ ತಂದ್ರು, ಸರಿಯಾದ ಕೆಲಸ.

ಈಗ ಮುಖ್ಯ ವಿಷಯ, ಸೀಕ್ರೆಟ್ಸ್. ಮಾಮೂಲಿ ಸೆಟ್ಟಿಂಗ್‌ಗಳಿಗೆ ಬೇರೆ ಜಾಗ, ಗುಟ್ಟಿನ ಬೆಲೆಗಳಿಗೆ ಬೇರೆ ಜಾಗ. 2023ರ ಜನವರಿವರೆಗೂ ಈ ಮೊದಲನೇ ಜಾಗ ಇರ್ಲಿಲ್ಲ, ಸರ್ವರ್ ಹೆಸರು, ರೀಜನ್ ಹೆಸರು ಎಲ್ಲಾನೂ ಜನ ಸೀಕ್ರೆಟ್‌ಗೇ ತುರುಕ್ತಿದ್ರು, ಸೀಕ್ರೆಟ್ ಬೆಲೆನ ಲಾಗ್‌ನಲ್ಲಿ ನಕ್ಷತ್ರ ಹಾಕಿ ಮುಚ್ಚೋದ್ರಿಂದ ಆಮೇಲೆ ಲಾಗ್ ತುಂಬ ಬರೀ ನಕ್ಷತ್ರ, ಏನು ನಡೀತಿದೆ ಅಂತಾನೇ ತಿಳೀತಿರ್ಲಿಲ್ಲ. ಈಗ ಎರಡೂ ಬೇರೆ ಬೇರೆ, ಒಂದು ಸೀಕ್ರೆಟ್ 48 ಕೆಬಿವರೆಗೂ ಇರಬಹುದು, ಸೈನಿಂಗ್ ಸರ್ಟಿಫಿಕೇಟ್ (ಸಾಫ್ಟ್‌ವೇರ್ ನಮ್ಮದೇ ಅಂತ ಸಹಿ ಹಾಕೋಕೆ ಬಳಸೋ ಫೈಲು) ಇಡೋಕೆ ಅಷ್ಟು ಸಾಕು. ಸ್ಟೇಜಿಂಗ್ (ಟ್ರಯಲ್ ನೋಡೋದು), ಪ್ರೊಡಕ್ಷನ್ (ಗಿರಾಕಿಗಳು ಬಳಸೋದು) ಅಂತ ಬೇರೆ ಬೇರೆ ಎನ್ವಿರಾನ್ಮೆಂಟ್ ಮಾಡ್ಕೊಂಡ್ರೆ ಒಂದೇ ಹೆಸರಿನ ಡೇಟಾಬೇಸ್ ಪಾಸ್‌ವರ್ಡ್ ಎರಡು ಕಡೆ ಎರಡು ಥರ ಇಡಬಹುದು, ಫೈಲ್ ಮುಟ್ಟೋದೇ ಬೇಡ.

ಆದ್ರೆ ಲಾಗ್‌ನಲ್ಲಿ ಮೂರು ನಕ್ಷತ್ರ ಬಂತು ಅಂತ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಬೆಲೆ ಇದ್ದದ್ದು ಇದ್ದ ಹಾಗೇ ಪ್ರಿಂಟ್ ಆದ್ರೆ ಮುಚ್ಚುತ್ತೆ, ಯಾರಾದ್ರೂ ಅಕ್ಷರ ಅಕ್ಷರದ ಮಧ್ಯೆ ಸ್ಪೇಸ್ ಹಾಕಿ ಪ್ರಿಂಟ್ ಮಾಡಿದ್ರೆ ಪೂರ್ತಿ ಕಾಣುತ್ತೆ. ಜೇಸನ್ (ಹಲವು ಹೆಸರು, ಬೆಲೆಗಳನ್ನ ಒಟ್ಟಿಗೆ ಬರೆಯೋ ಟೆಕ್ಸ್ಟ್ ರೂಪ) ಹಾಗೇ ಒಂದೇ ಸೀಕ್ರೆಟ್ ಆಗಿ ಇಟ್ಟು ಅದರ ಒಳಗಿನ ಒಂದು ಭಾಗ ತೆಗೆದು ಬಳಸಿದ್ರೂ ಮುಚ್ಚುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಜೇಸನ್ ಇಡಬೇಡಿ ಅಂತ ಅವರ ಡಾಕ್ಯುಮೆಂಟೇಶನ್ನೇ ಹೇಳುತ್ತೆ. 2021ರ ಕೋಡ್‌ಕವ್ (ಟೆಸ್ಟ್‌ಗಳು ಎಷ್ಟು ಕೋಡ್ ಮುಟ್ಟುತ್ತೆ ಅಂತ ಅಳೆಯೋ ಸೇವೆ) ಕಥೆ ಗೊತ್ತಿಲ್ಲದೆ ಇರೋರು ಓದ್ಲೇಬೇಕು, ಅವರ ಬ್ಯಾಷ್ ಅಪ್‌ಲೋಡರ್ ಸ್ಕ್ರಿಪ್ಟನ್ನ ಯಾರೋ ಜನವರಿ 31ರಿಂದ ತಿದ್ದಿದ್ರು, ಆ ಸ್ಕ್ರಿಪ್ಟ್ ಓಡಿದ ಬಿಲ್ಡ್‌ಗಳ ಎನ್ವಿರಾನ್ಮೆಂಟ್ ವೇರಿಯಬಲ್ಸ್ ಹೊರಗಿನ ಸರ್ವರಿಗೆ ಹೋಗ್ತಿತ್ತು, ಗೊತ್ತಾಗಿದ್ದು ಏಪ್ರಿಲ್ 1ಕ್ಕೆ. 2025ರ ಮಾರ್ಚಲ್ಲಿ ಟಿಜೆ ಆಕ್ಷನ್ಸ್‌ನ ಚೇಂಜ್ಡ್ ಫೈಲ್ಸ್ ಅನ್ನೋ ಆಕ್ಷನ್‌ಗೂ (ಬೇರೆಯವರು ಬರೆದಿಟ್ಟ ರೆಡಿಮೇಡ್ ಸ್ಟೆಪ್) ಹೀಗೇ ಆಯ್ತು, 23,000ಕ್ಕೂ ಜಾಸ್ತಿ ರೆಪೊಗಳು (ಕೋಡ್ ಇಡೋ ಜಾಗಗಳು) ಬಳಸ್ತಿದ್ವು, ಅದು ಸೀಕ್ರೆಟ್‌ಗಳನ್ನ ಲಾಗ್‌ಗೇ ಸುರೀತಿತ್ತು.

ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು, ಸೀಕ್ರೆಟ್‌ನ ವರ್ಕ್‌ಫ್ಲೋ ತಲೆಯಲ್ಲಿ ಬರೀಬೇಡಿ, ಜಾಬ್‌ಗೂ ಬೇಡ, ಬೇಕಾದ ಆ ಒಂದು ಸ್ಟೆಪ್‌ಗೆ ಮಾತ್ರ ಕೊಡಿ. ನಲ್ಲಿ ರಿಪೇರಿಗೆ ಬಂದವರ ಕೈಗೆ ಮನೆಯ ಕೀ ಗೊಂಚಲೇ ಕೊಡಲ್ಲ ಅಲ್ವಾ. ಡಿಪೆಂಡೆನ್ಸಿ (ನಮ್ಮ ಕೋಡ್ ಬಳಸೋ ಹೊರಗಿನ ಪ್ಯಾಕೇಜು) ಇನ್‌ಸ್ಟಾಲ್ ಮಾಡೋ ಸ್ಟೆಪ್‌ಗೆ ಡಿಪ್ಲಾಯ್ ಕೀ ಯಾಕೆ ಕಾಣಬೇಕು, ಆ ಸ್ಟೆಪ್‌ನಲ್ಲೇ ನೀವು ಓದದೆ ಇರೋ ನೂರಾರು ಪ್ಯಾಕೇಜಿನ ಸ್ಕ್ರಿಪ್ಟ್ ಓಡೋದು. ಈ ಸೇವೆ ಅದಕ್ಕೆ ಅನುಕೂಲ ಮಾಡಿಕೊಟ್ಟಿದೆ, ಬಳಸೋರು ಬಳಸಬೇಕು ಅಷ್ಟೇ. ಹೊರಗಿನ ಆಕ್ಷನ್‌ಗಳನ್ನ ಟ್ಯಾಗ್ (ವರ್ಷನ್‌ಗೆ ಇಟ್ಟ ಹೆಸರು) ಬರೆದು ಕರೆಯೋದು ಬಿಟ್ಟು ಪೂರ್ತಿ ಕಮಿಟ್ ಹ್ಯಾಶ್ (ಕೋಡಿನ ಒಂದೊಂದು ಬದಲಾವಣೆಗೂ ಇರೋ ಗುರುತು) ಬರೆದು ಕರೀರಿ, 2025ರಲ್ಲಿ ಟ್ಯಾಗ್‌ಗಳನ್ನೇ ಕೆಟ್ಟ ಕಮಿಟ್ ಕಡೆ ತಿರುಗಿಸಿದ್ರು. ಇನ್ನೂ ಒಳ್ಳೇದು ಅಂದ್ರೆ ಕ್ಲೌಡ್ ಕೀ ಇಡೋದೇ ಬೇಡ, ಓಐಡಿಸಿ (OIDC, ಕೀ ಇಡದೆ ಗುರುತು ತೋರಿಸೋ ಪದ್ಧತಿ) ಸೆಟಪ್ ಮಾಡಿದ್ರೆ ಬಿಲ್ಡ್ ಓಡೋವಾಗ ಸ್ವಲ್ಪ ಹೊತ್ತಿಗೆ ಮಾತ್ರ ನಡೆಯೋ ಟೋಕನ್ ಸಿಗುತ್ತೆ, ನಾವು ಎಡಬ್ಲ್ಯೂಎಸ್‌ನ (ಅಮೆಜಾನ್ ಕ್ಲೌಡ್) ಮುಂಬೈ ರೀಜನ್‌ಗೆ ಹಾಗೇ ಡಿಪ್ಲಾಯ್ ಮಾಡೋದು.

ನಮ್ಮೂರಲ್ಲಿ ಕೂತು ಬಳಸೋರು ನೋಡಲೇಬೇಕಾದ ಎರಡು ವೇರಿಯಬಲ್ ಇವೆ. ಒಂದು ಟೀಝಡ್ (TZ), ಯಾವ ಟೈಮ್‌ಝೋನ್ ಅಂತ ಹೇಳೋದು. ರನ್ನರ್ ಗಡಿಯಾರ ಯುಟಿಸಿಯಲ್ಲಿರುತ್ತೆ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ 3 ಗಂಟೆಗೆ ಬಿಲ್ಡ್ ಓಡಿದ್ರೆ ಅಲ್ಲಿ ಇನ್ನೂ ಹಿಂದಿನ ದಿನ ರಾತ್ರಿ 9:30. ಬೇರೆ ಆ್ಯಪ್‌ಗೆ ಪರವಾಗಿಲ್ಲ, ಬಿಲ್ಲಿಂಗ್‌ಗೆ ಇದು ದೊಡ್ಡ ವಿಷಯ, ಏಪ್ರಿಲ್ 1ರ ಬೆಳಗಿನ ಜಾವ ರನ್ನರ್ ಲೆಕ್ಕದಲ್ಲಿ ಇನ್ನೂ ಮಾರ್ಚ್ 31, ಅಂದ್ರೆ ಹಣಕಾಸು ವರ್ಷಾನೇ ಬೇರೆ, ಇನ್‌ವಾಯ್ಸ್ ನಂಬರ್ ಸರಣಿ ಚೆಕ್ ಮಾಡೋ ಟೆಸ್ಟ್ ತಪ್ಪು ವರ್ಷ ಹಿಡಿಯುತ್ತೆ. ಲಿನಕ್ಸ್ ಜಾಬ್‌ನಲ್ಲಿ ಟೀಝಡ್‌ಗೆ ಏಷ್ಯಾ ಕೋಲ್ಕತಾ (Asia/Kolkata) ಅಂತ ಕೊಟ್ಟರೆ ಮುಗೀತು. ಇನ್ನೊಂದು ಪೈಥಾನ್‌ನವರಿಗೆ, ವಿಂಡೋಸ್ ರನ್ನರಲ್ಲಿ "ಒಟ್ಟು ಮೊತ್ತ" ಅಂತ ಪ್ರಿಂಟ್ ಮಾಡೋಕೆ ಹೋದ್ರೆ ಎನ್‌ಕೋಡಿಂಗ್ ಎರರ್ ಬರಬಹುದು, ಯಾಕಂದ್ರೆ ಅಲ್ಲಿನ ಡೀಫಾಲ್ಟ್ ಕೋಡ್‌ಪೇಜಲ್ಲಿ (ಅಕ್ಷರಗಳ ಪಟ್ಟಿ) ಕನ್ನಡ ಅಕ್ಷರಕ್ಕೆ ಜಾಗಾನೇ ಇಲ್ಲ. ಪೈಥಾನ್‌ಯುಟಿಎಫ್8 (PYTHONUTF8) ಅನ್ನೋ ವೇರಿಯಬಲ್‌ಗೆ 1 ಕೊಡಿ, ಪೈಥಾನ್ 3.7ರಿಂದ ಇದೆ. ಕನ್ನಡದಲ್ಲಿ ಸಾಫ್ಟ್‌ವೇರ್ ಮಾಡೋರು ಕಣ್ಣು ಮುಚ್ಚಿಕೊಂಡು ಹಾಕಬೇಕಾದ ಲೈನ್ ಇದು.

ಕಟ್ ಮಾಡಿದ ಸ್ಟಾರ್ ಯಾಕೆ ಅಂದ್ರೆ, ಒಂದು ವರ್ಕ್‌ಫ್ಲೋ ಇನ್ನೊಂದನ್ನ ಕರೆದಾಗ ಕರೆಯೋ ವರ್ಕ್‌ಫ್ಲೋ ತಲೆಯಲ್ಲಿ ಬರೆದ ವೇರಿಯಬಲ್ಸ್ ಅದಕ್ಕೆ ಹೋಗಲ್ಲ, ಒಂದೊಂದನ್ನೂ ಇನ್‌ಪುಟ್ ಮಾಡಿ ದಾಟಿಸ್ಬೇಕು, ರೆಪೊ ಜಾಸ್ತಿ ಇರೋರಿಗೆ ಇದು ನಿಜವಾದ ತಲೆನೋವು. ಪುಲ್ ರಿಕ್ವೆಸ್ಟ್‌ನಲ್ಲಿ (ನನ್ನ ಬದಲಾವಣೆ ಮೇನ್ ಕೋಡಿಗೆ ಸೇರಿಸಿ ಅನ್ನೋ ಕೋರಿಕೆ) ಗಿಟ್‌ಹಬ್ ಅಂಡರ್‌ಸ್ಕೋರ್ ಶಾ (GITHUB_SHA) ಕೊಡೋದು ನೀವು ಪುಶ್ ಮಾಡಿದ ಕಮಿಟ್ ಅಲ್ಲ, ಮರ್ಜ್ ಆದ್ರೆ ಹೇಗಿರುತ್ತೆ ಅನ್ನೋ ತಾತ್ಕಾಲಿಕ ಕಮಿಟ್, ವರ್ಷನ್ ಸ್ಟಾಂಪ್ ಹಾಕೋರು ಹುಷಾರು. ವೇರಿಯಬಲ್‌ಗಳೆಲ್ಲ ಸ್ಟ್ರಿಂಗ್ (ಬರೀ ಟೆಕ್ಸ್ಟ್), ಫಾಲ್ಸ್ ಅಂತ ಬರೆದು ಅದನ್ನ ಹಾಗೇ ಕಂಡಿಷನ್‌ಗೆ ಹಾಕಿದ್ರೆ ಖಾಲಿ ಅಲ್ವಲ್ಲ ಅಂತ ನಿಜ ಅಂತಾನೇ ತಗೊಳ್ಳುತ್ತೆ. ಪೈಥಾನ್ 3.10 ಅಂತ ಕೋಟ್ಸ್ ಇಲ್ಲದೆ ಬರೆದ್ರೆ 3.1 ಆಗುತ್ತೆ, ಅದು ಯಾಮೆಲ್ (ವರ್ಕ್‌ಫ್ಲೋ ಫೈಲ್ ಬರೆಯೋ ರೂಪ) ಗುಣ, ಇವರ ತಪ್ಪಲ್ಲ.

ದುಡ್ಡಿನ ಲೆಕ್ಕ ಹೇಳೋದಾದ್ರೆ ಪಬ್ಲಿಕ್ ರೆಪೊಗೆ ಅವರ ಮಾಮೂಲಿ ರನ್ನರ್ ಫ್ರೀ, ಪ್ರೈವೇಟ್‌ಗೆ ಫ್ರೀ ಪ್ಲಾನಲ್ಲಿ ತಿಂಗಳಿಗೆ 2,000 ನಿಮಿಷ, ವೇರಿಯಬಲ್ ಸೀಕ್ರೆಟ್‌ಗೆ ಅಂತ ಬೇರೆ ಚಾರ್ಜ್ ಇಲ್ಲ. ವಿಂಡೋಸ್ ನಿಮಿಷ ಲಿನಕ್ಸ್‌ಗಿಂತ ದುಬಾರಿ, ಅದಕ್ಕೇ ನಾವು ಪುಲ್ ರಿಕ್ವೆಸ್ಟ್‌ಗೆ ಲಿನಕ್ಸ್ ಒಂದೇ ಓಡಿಸಿ, ಮೇನ್ ಬ್ರಾಂಚಿಗೆ ಮರ್ಜ್ ಆದ್ಮೇಲೆ ವಿಂಡೋಸ್ ಜಾಬ್ ಬಿಡ್ತೀವಿ, ಸೈನಿಂಗ್ ಕೀ ಕಾಣೋದೂ ಅದರ ಕೊನೇ ಸ್ಟೆಪ್‌ಗೆ ಮಾತ್ರ.