ಉಳಿದುಬಂದ ವಿದೇಶಿ ನೋಟು, ಚಿಲ್ಲರೆ: ಹತ್ತು ವರ್ಷಗಳ ವಿನಿಮಯದ ಅನುಭವ

2014ರಲ್ಲಿ ಮಗಳು ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ನೆಲೆಸಿದ ಮೇಲೆ ನಾನೂ ನನ್ನ ಪತ್ನಿಯೂ ಎರಡು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿಬರುತ್ತಿದ್ದೇವೆ. ಹೋಗುವಾಗಲೋ ಬರುವಾಗಲೋ ದುಬೈ, ಒಮ್ಮೆ ಸ್ವಿಟ್ಜರ್ಲೆಂಡ್, ಇನ್ನೊಮ್ಮೆ ಪ್ಯಾರಿಸ್ ನೋಡಿದ್ದುಂಟು. ಪ್ರತಿ ಸಲ ಮನೆಗೆ ಬಂದು ಚೀಲ ಬರಿದು ಮಾಡಿದಾಗ ಮಡಿಸಿಟ್ಟ ನಾಲ್ಕಾರು ನೋಟುಗಳೂ ಒಂದು ಹಿಡಿ ಚಿಲ್ಲರೆಯೂ ಹೊರಬೀಳುತ್ತಿದ್ದವು. ಅವನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮರೆಯುತ್ತಿದ್ದೆವು. ಆ ಡಬ್ಬದಲ್ಲಿದ್ದುದನ್ನು ರೂಪಾಯಿಯಾಗಿಸಲು ಈ ಹತ್ತು ವರ್ಷಗಳಲ್ಲಿ ನಾನು ಬಳಸಿದ ದಾರಿಗಳ ಬಗ್ಗೆ, ನನ್ನಂತೆಯೇ ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೋಗಿಬರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ನಾನು ಹೆಚ್ಚಾಗಿ ಹೋಗುವುದು ಬೆಂಗಳೂರಿನ ಎಂ.ಜಿ. ರಸ್ತೆಯ ಆಸುಪಾಸಿನಲ್ಲಿರುವ, ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಒಂದು ಮನಿ ಚೇಂಜರ್ ಅಂಗಡಿಗೆ. ಪಾಸ್‌ಪೋರ್ಟ್ ತೋರಿಸಿ ಅದರ ನಕಲು ಕೊಟ್ಟರೆ ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ರಸೀದಿಯೂ ಸಿಗುತ್ತದೆ. ಇಷ್ಟು ವರ್ಷಗಳಲ್ಲಿ ಅಲ್ಲಿ ಎಣಿಕೆಯಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಾಗಿಲ್ಲ. ಆದರೆ ಅಲ್ಲಿಗೆ ಹೋಗುವ ಮುಂಚೆ ತಿಳಿದಿರಬೇಕಾದ ಸಂಗತಿಗಳಿವೆ.

ಮೊದಲನೆಯದು ದರ. ಪತ್ರಿಕೆಯಲ್ಲಿ ಅಚ್ಚಾಗುವ ದರ ಬ್ಯಾಂಕುಗಳು ತಮ್ಮತಮ್ಮೊಳಗೆ ವ್ಯವಹರಿಸುವ ದರ. ಅದು ನಮ್ಮ ಕೈಗೆ ಎಂದೂ ಸಿಗುವುದಿಲ್ಲ. ಫಲಕದಲ್ಲಿ ಎರಡು ಸಾಲುಗಳಿರುತ್ತವೆ, ನಾವು ನೋಡಬೇಕಾದದ್ದು ಅಂಗಡಿಯವರು ಕೊಳ್ಳುವ ದರವನ್ನು. ಒಂದು, ಐದು, ಹತ್ತು ಡಾಲರಿನಂಥ ಸಣ್ಣ ನೋಟುಗಳಿಗೆ ಅನೇಕ ಕಡೆ ಇನ್ನೂ ಕಡಿಮೆ ಕೊಡುತ್ತಾರೆ. 2016ರಲ್ಲಿ ಆತುರದಲ್ಲಿ ಒಂದು ವಿಮಾನ ನಿಲ್ದಾಣದ ಕೌಂಟರಿನಲ್ಲಿ 85 ಪೌಂಡ್ ಕೊಟ್ಟುಬಿಟ್ಟೆ. ಮಾರನೆಯ ದಿನ ನಗರದೊಳಗೆ ವಿಚಾರಿಸಿದರೆ ಒಂದೊಂದು ಪೌಂಡಿಗೆ ಆರು ರೂಪಾಯಿ ಹೆಚ್ಚು ಸಿಗುತ್ತಿತ್ತು. ಐನೂರು ರೂಪಾಯಿ ಸುಮ್ಮನೆ ಕಳೆದುಕೊಂಡ ಆ ಬೇಸರ ಇಂದಿಗೂ ಇದೆ. ಟ್ಯಾಕ್ಸಿಗೆ ಬೇಕಾದಷ್ಟು ರೂಪಾಯಿ ಜೊತೆಗಿದ್ದರೆ ನಿಲ್ದಾಣದಲ್ಲಿ ನೋಟು ಮುರಿಸುವ ಅಗತ್ಯವೇ ಇರುವುದಿಲ್ಲ.

ಎರಡನೆಯದು ಜಿಎಸ್‌ಟಿ. ಒಂದು ಲಕ್ಷ ರೂಪಾಯಿಯವರೆಗಿನ ವಿನಿಮಯದಲ್ಲಿ ಮೊತ್ತದ ಶೇ. 1ರಷ್ಟನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಮೌಲ್ಯವೆಂದು ಎಣಿಸಿ, ಅದರ ಮೇಲೆ ಶೇ. 18ರ ತೆರಿಗೆ ಹಾಕುತ್ತಾರೆ. ಹಾಗಾಗಿ ಎರಡು ಸಾವಿರದ ನೋಟು ಕೊಟ್ಟರೂ ಇಪ್ಪತ್ತೈದು ಸಾವಿರದ್ದು ಕೊಟ್ಟರೂ ತೆರಿಗೆ 45 ರೂಪಾಯಿಯೇ. ಇದು ಗೊತ್ತಾಗುವ ಮುಂಚೆ ನಾನು ಒಮ್ಮೆ ದಿರಾಮ್, ಇನ್ನೊಮ್ಮೆ ಯೂರೊ ಎಂದು ಮೂರು ಸಲ ಹೋಗಿ ಮೂರು ಸಲವೂ ಅದನ್ನೇ ತೆತ್ತೆ. ಈಗ ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಸಲ, ಒಂದೇ ರಸೀದಿಯಲ್ಲಿ ಮುಗಿಸುತ್ತೇನೆ. ಆದರೆ ಒಟ್ಟುಗೂಡಿಸುತ್ತ ವರ್ಷಗಟ್ಟಲೆ ಕೂರುವಂತಿಲ್ಲ. ಪ್ರವಾಸದಿಂದ ಮರಳಿದವರು ಉಳಿದ ವಿದೇಶಿ ಹಣವನ್ನು 180 ದಿನಗಳೊಳಗೆ ಒಪ್ಪಿಸಬೇಕು. 2,000 ಡಾಲರ್ ಮೌಲ್ಯದವರೆಗಿನ ನೋಟುಗಳನ್ನು ಮಾತ್ರ ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಬಹುದು. ನಾಣ್ಯಗಳಿಗೆ ಈ ಮಿತಿಯಿಲ್ಲ.

ಇನ್ನು ಹಳೆಯ ನೋಟುಗಳ ವಿಷಯ. 2023ರಲ್ಲಿ ಚಳಿಗಾಲದ ಕೋಟನ್ನು ಬಿಸಿಲಿಗೆ ಹಾಕುವಾಗ ಒಳಜೇಬಿನಲ್ಲಿ ಇಪ್ಪತ್ತು ಪೌಂಡಿನ ಮೂರು ಕಾಗದದ ನೋಟುಗಳು ಸಿಕ್ಕವು. ಸಂತೋಷದಿಂದ ಅಂಗಡಿಗೆ ಒಯ್ದೆ. ಕೌಂಟರಿನಲ್ಲಿದ್ದ ಹುಡುಗ ನೋಟನ್ನು ದೀಪಕ್ಕೆ ಹಿಡಿಯುವ ಮೊದಲೇ, ಹೆಬ್ಬೆರಳಿನಿಂದ ಅಂಚನ್ನು ಒಮ್ಮೆ ಸವರಿ ಹಿಂದಕ್ಕೆ ಸರಿಸಿದ. “ಇದು ಪೇಪರ್ ನೋಟು ಸರ್, ಈಗ ನಡೆಯಲ್ಲ. ಪ್ಲಾಸ್ಟಿಕ್‌ದು ಇದ್ರೆ ಮಾತ್ರ ತಗೋತೀವಿ. ಲಂಡನ್ ಕಡೆ ನಿಮ್ಮವರು ಯಾರಾದ್ರೂ ಇದ್ರೆ ಅವರ ಕೈಲಿ ಕೊಡಿ, ಅಲ್ಲಿ ದುಡ್ಡು ಬರುತ್ತೆ,” ಎಂದ. ಇಪ್ಪತ್ತು ಮತ್ತು ಐವತ್ತು ಪೌಂಡಿನ ಕಾಗದದ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೇ ಮುಗಿದಿತ್ತು. ತನ್ನ ಅಂಗಡಿಗೆ ಲಾಭವಿಲ್ಲದ ಮಾತನ್ನೂ ಹೇಳಿ ಕಳುಹಿಸಿದ ಆ ಹುಡುಗನನ್ನು ಇಲ್ಲಿ ನೆನೆಯಲೇಬೇಕು, ಏಕೆಂದರೆ ಅವನ ಮಾತು ನಿಜವಾಯಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ತಾನು ಹೊರಡಿಸಿದ ಯಾವುದೇ ನೋಟಿಗೆ, ಅದು ಎಷ್ಟೇ ಹಳೆಯದಾಗಿರಲಿ, ಮುಖಬೆಲೆಯನ್ನು ಕೊಡುತ್ತದೆ. ಮರುವರ್ಷ ಹೋದಾಗ ನೋಟುಗಳನ್ನು ಮಗಳ ಕೈಗಿತ್ತೆ. ಅವಳು ಅರ್ಜಿ ತುಂಬಿ ಅಂಚೆಯಲ್ಲಿ ಕಳುಹಿಸಿದಳು. ಕೆಲವು ವಾರಗಳ ನಂತರ 60 ಪೌಂಡ್ ಪೂರ್ತಿಯಾಗಿ ಅವಳ ಖಾತೆಗೆ ಬಂತು.

ಇದರಿಂದ ಧೈರ್ಯ ಬಂದು, ದೊಡ್ಡಪ್ಪನವರ ಪೆಟ್ಟಿಗೆಯಲ್ಲಿದ್ದ ಜರ್ಮನಿಯ ಹಣಕ್ಕೂ ಕೈಹಾಕಿದೆ. ಅವರು 1980ರ ದಶಕದಲ್ಲಿ ಕಾರ್ಖಾನೆಯ ಕಡೆಯಿಂದ ಅಲ್ಲಿಗೆ ತರಬೇತಿಗೆ ಹೋಗಿದ್ದರು; ಮರಳುವಾಗ ಉಳಿದಿದ್ದ 130 ಮಾರ್ಕ್ ನೋಟುಗಳನ್ನು ಒಂದು ಏರ್‌ಮೇಲ್ ಲಕೋಟೆಯಲ್ಲಿ ಇಟ್ಟಿದ್ದರು. ಮಾರ್ಕ್ ಹೋಗಿ ಯೂರೊ ಬಂದು ಇಪ್ಪತ್ತು ವರ್ಷ ಕಳೆದಿದ್ದರೂ ಜರ್ಮನಿಯ ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕ್ ಅದನ್ನು ಕಾಲಮಿತಿಯಿಲ್ಲದೆ, ಒಂದು ಯೂರೊಗೆ 1.95583 ಮಾರ್ಕ್ ಎಂಬ ಸ್ಥಿರ ದರದಲ್ಲಿ ಬದಲಿಸಿಕೊಡುತ್ತದೆ, ನಾಣ್ಯಗಳನ್ನೂ ತೆಗೆದುಕೊಳ್ಳುತ್ತದೆ. ಅಲ್ಲಿ ಓದುತ್ತಿರುವ ಅಣ್ಣನ ಮಗನ ಕೈಗೆ 66 ಯೂರೊ 47 ಸೆಂಟ್ ಬಂತು. ದೊಡ್ಡಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವರು ಹಣದ ಲೆಕ್ಕ ಕೇಳಲಿಲ್ಲ. ಆ ಲಕೋಟೆಯನ್ನು ಮಾತ್ರ ಎಸೆಯಬೇಡಿ, ಅದರ ಮೇಲೆ ಅವರ ಕೈಬರಹವಿದೆ ಎಂದರು. ಅದೇ ಪೆಟ್ಟಿಗೆಯಲ್ಲಿದ್ದ ಇಟಲಿಯ ಲಿರಾ, ಫ್ರಾನ್ಸಿನ ಫ್ರಾಂಕ್ ನೋಟುಗಳಿಗೆ ಈ ಭಾಗ್ಯವಿರಲಿಲ್ಲ. ಲಿರಾ ಬದಲಾವಣೆ 2011ರಲ್ಲಿಯೂ ಫ್ರಾಂಕ್ ಬದಲಾವಣೆ 2012ರಲ್ಲಿಯೂ ನಿಂತುಹೋಗಿವೆ. ಹಳೆಯ ನೋಟು ಸಿಕ್ಕಾಗ ಅದನ್ನು ಹೊರಡಿಸಿದ ಕೇಂದ್ರ ಬ್ಯಾಂಕಿನ ನಿಯಮವನ್ನು ಮೊದಲು ನೋಡುವುದು ಇದಕ್ಕಾಗಿಯೇ ಮುಖ್ಯ.

ನನಗೆ ನಿಜವಾಗಿ ತೊಂದರೆ ಕೊಟ್ಟದ್ದು ನಾಣ್ಯಗಳು. ಬೆಂಗಳೂರಿನಲ್ಲಿ ನಾನು ಕೇಳಿದ ಯಾವ ಮನಿ ಚೇಂಜರ್ ಕೂಡ ನಾಣ್ಯ ಮುಟ್ಟಲಿಲ್ಲ, ಮತ್ತು ಅವರ ಕಾರಣ ನ್ಯಾಯವಾದದ್ದೇ: ನೋಟಾದರೆ ನಾಳೆ ಪ್ರಯಾಣ ಹೊರಡುವ ಇನ್ನೊಬ್ಬರಿಗೆ ಮಾರಬಹುದು, ನಾಣ್ಯವನ್ನು ಯಾರೂ ಕೊಳ್ಳುವುದಿಲ್ಲ, ಹೊರದೇಶಕ್ಕೆ ಮರಳಿ ಸಾಗಿಸಿದರೆ ತೂಕದ ಖರ್ಚೇ ಹೆಚ್ಚಾಗುತ್ತದೆ. ಆದರೆ ಸ್ವಿಟ್ಜರ್ಲೆಂಡಿನ ಐದು ಫ್ರಾಂಕಿನ ಒಂದೇ ನಾಣ್ಯ ಐದು ಡಾಲರಿನ ನೋಟಿಗಿಂತ ಬೆಲೆಬಾಳುತ್ತದೆ. ನನ್ನ ಡಬ್ಬದಲ್ಲಿ ಅಂಥವು ಮೂರಿದ್ದವು. ಒಮ್ಮೆ ಮಗಳ ಮೂಲಕ, ನಾನಾ ದೇಶಗಳ ಚಿಲ್ಲರೆಯನ್ನು ಅಂಚೆಯಲ್ಲಿ ಪಡೆದು ಹಣ ಕೊಡುವ ಬ್ರಿಟನ್ನಿನ ಒಂದು ಸಂಸ್ಥೆಗೆ ಒಂದೂವರೆ ಕಿಲೋದಷ್ಟು ನಾಣ್ಯ ಕಳುಹಿಸಿದೆ. ಹಣ ಹೇಳಿದ ದಿನಕ್ಕೇ ಬಂತು, ಆದರೆ ಮುಖಬೆಲೆಗಿಂತ ಬಹಳ ಕಡಿಮೆ. ಅಂಚೆ ವೆಚ್ಚ ಕಳೆದ ಮೇಲೆ ಉಳಿದದ್ದು ಅಲ್ಪ. ಬೇರೆ ದಾರಿಯೇ ಇಲ್ಲದ ನಾಣ್ಯಗಳಿಗೆ ಮಾತ್ರ ಈ ಸೇವೆಯನ್ನು ನಾನು ಒಪ್ಪುತ್ತೇನೆ.

ಯೂರೊ ನಾಣ್ಯಗಳ ಒಂದು ಮುಖ ದೇಶದಿಂದ ದೇಶಕ್ಕೆ ಬೇರೆಯಾದರೂ ಯೂರೊ ಬಳಸುವ ಎಲ್ಲ ದೇಶಗಳಲ್ಲಿಯೂ ಅವು ನಡೆಯುತ್ತವೆ, ಆದ್ದರಿಂದ ಪ್ಯಾರಿಸಿನಲ್ಲಿ ಸಿಕ್ಕ ಚಿಲ್ಲರೆಯನ್ನು ಜರ್ಮನಿಗೆ ಹೊರಟ ಅಣ್ಣನ ಮಗನಿಗೆ ಕೊಟ್ಟು ಅಷ್ಟೇ ರೂಪಾಯಿ ಪಡೆದೆ. ಪರಿಚಯದವರ ನಡುವಿನ ಇಂಥ ಕೈಬದಲಿಯಲ್ಲಿ ಇಬ್ಬರಿಗೂ ನಷ್ಟವಿಲ್ಲ. ಈಗಂತೂ ಲಂಡನ್ನಿನಿಂದ ಹೊರಡುವ ಮುನ್ನ ಕೊನೆಯ ಕಾಫಿಯ ಬೆಲೆಯನ್ನು ಮೊದಲು ನಾಣ್ಯಗಳಲ್ಲಿ ಎಣಿಸಿಕೊಟ್ಟು, ಬಾಕಿಯನ್ನಷ್ಟೇ ಕಾರ್ಡಿನಲ್ಲಿ ಕೊಡುತ್ತೇನೆ. ಆಮೇಲೂ ಉಳಿಯುವ ಪೆನ್ನಿಗಳನ್ನು ವಿಮಾನದೊಳಗೆ ಯುನಿಸೆಫ್ ಲಕೋಟೆ ಕೊಟ್ಟರೆ ಅದರಲ್ಲಿ ಹಾಕುತ್ತೇನೆ. ಕೆಲವು ವಿಮಾನ ಸಂಸ್ಥೆಗಳು 1987ರಿಂದಲೂ ಮಕ್ಕಳ ನೆರವಿಗಾಗಿ ಇಂಥ ಚಿಲ್ಲರೆಯನ್ನು ಸಂಗ್ರಹಿಸುತ್ತ ಬಂದಿವೆ.

ಸ್ವಿಸ್ ಫ್ರಾಂಕಿನ ಆ ಮೂರು ನಾಣ್ಯಗಳು ಇನ್ನೂ ನನ್ನಲ್ಲಿಯೇ ಇವೆ. ನಮ್ಮ ಬಡಾವಣೆಯ ಒಬ್ಬರು ಬರುವ ಮೇ ತಿಂಗಳಲ್ಲಿ ಜ್ಯೂರಿಕ್‌ಗೆ ಹೋಗುವವರಿದ್ದಾರೆ; ಅವರಿಗೆ ಕೊಡಲೆಂದು ಕಾಗದದಲ್ಲಿ ಸುತ್ತಿ ಹೆಸರು ಬರೆದಿಟ್ಟಿದ್ದೇನೆ.