ಜಪಾನಿನವರಿಗೆ ಇಂಗ್ಲಿಷ್ ಮಾತು ಕಲಿಸುವ ತಾಣ: ಕೆಲಸ ಚೆನ್ನ, ಆ ಹಸಿರು ಗೆರೆ ಬೇಡ

ಮನೆಯಲ್ಲೇ ಕೂತು ಜಪಾನಿನವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ದುಡ್ಡು ಸಂಪಾದಿಸಬಹುದಾ ಅಂತ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಸಂಪಾದಿಸಬಹುದು. ನಾನು ಮೈಸೂರಿನಿಂದ ಇಂಥದ್ದೊಂದು ತಾಣದಲ್ಲಿ ಪಾಠ ಹೇಳಲು ಶುರುಮಾಡಿ ಎರಡು ವರ್ಷ ದಾಟಿತು. ಹೆಸರು ಹಾಕುವುದಿಲ್ಲ, ಇನ್ನೂ ಅಲ್ಲೇ ಇದ್ದೇನಲ್ವಾ. ನೋಂದಣಿ, ಡೆಮೊ ಪಾಠ, ಇಂಟರ್‌ನೆಟ್ ವೇಗ ಎಲ್ಲವೂ ಅವರ ಪುಟದಲ್ಲೇ ಇದೆ, ಓದಿಕೊಳ್ಳಿ. ಅಲ್ಲಿ ಬರೆಯದೇ ಇರುವುದು ಒಂದಿದೆ. ಈ ಕೆಲಸದಲ್ಲಿ ಮುಖ್ಯವಾಗಿ ಬೇಕಾದದ್ದು ಬಾಯಿ ಮುಚ್ಚಿಕೊಂಡು ಕಾಯುವುದು. ಅದಕ್ಕೇ ಈ ತಾಣ ಅಡ್ಡ ನಿಲ್ಲುತ್ತದೆ.

ಮೊದಲು ಹೊತ್ತಿನ ವಿಷಯ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅವರು ಆಫೀಸಿನಿಂದ ಬಂದು, ಉಂಡು ಕೂರುವ ರಾತ್ರಿ 9 ಗಂಟೆ ನಮಗೆ ಸಂಜೆ ಐದೂವರೆ. ಕೆಲಸಕ್ಕೆ ಹೊರಡುವ ಮುಂಚೆ ಬೆಳಗ್ಗೆ 6ಕ್ಕೆ ಕಲಿಯುವವರೂ ಇದ್ದಾರೆ. ಅದು ನಮಗೆ ನಡುರಾತ್ರಿ ಎರಡೂವರೆ. ಆ ಪಾಠಕ್ಕೆ ದುಡ್ಡು ಸ್ವಲ್ಪ ಜಾಸ್ತಿ, ಆದರೂ ನಾನು ಆ ಕಡೆ ತಲೆ ಹಾಕಿಲ್ಲ. ನಿದ್ದೆ ನನಗೆ ಮುಖ್ಯ.

ಐದು ಗಂಟೆಗೆ ಕಾಫಿ. ಎರಡನೇ ಡಿಕಾಕ್ಷನ್ನಿನದು, ಮೊದಲನೆಯದು ಮಾವನವರಿಗೆ ಹೋಗಿರುತ್ತದೆ. ಲೋಟ ಹಿಡಿದುಕೊಂಡು ಅವತ್ತು ಬರುವವರ ಹಳೆಯ ಟಿಪ್ಪಣಿ ಓದುತ್ತೇನೆ. ಒಬ್ಬರ ನಾಯಿಗೆ ಹುಷಾರಿರಲಿಲ್ಲ. ಇನ್ನೊಬ್ಬರ ಮಗ ಐದನೇ ತರಗತಿಗೆ ಹೋಗಿದ್ದಾನೆ. (2020ರಿಂದ ಅಲ್ಲಿ ಐದು, ಆರನೇ ತರಗತಿಗೆ ಇಂಗ್ಲಿಷ್ ಒಂದು ಪೂರ್ತಿ ವಿಷಯವೇ ಆಗಿದೆ. ಮಗನ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕು ಅಂತ ಅಮ್ಮ ಕಲಿಯುತ್ತಿದ್ದಾರೆ.) ಆಮೇಲೆ ಫ್ಯಾನ್ ಆಫ್. ಬೀದಿ ಕಡೆಯ ಕಿಟಕಿ ಬಂದ್. ರೂಟರಿಗೆ ಹಾಕಿದ ಪುಟ್ಟ ಯುಪಿಎಸ್ಸಿನ ದೀಪ ಉರಿಯುತ್ತಿದೆಯಾ ಅಂತ ಒಂದು ನೋಟ. ಕೊನೆಗೆ ಅಡುಗೆಮನೆ ಕಡೆಗೆ ಒಂದು ಕೂಗು: "ಅತ್ತೆ, ಕುಕ್ಕರ್ ಆಮೇಲೆ ಇಡಿ." ಈ ಅರ್ಧ ಗಂಟೆ ನನಗೆ ಪಾಠದಷ್ಟೇ ಇಷ್ಟ.

ಬರುವವರು ಇಂಗ್ಲಿಷ್ ಬಾರದವರಲ್ಲ, ಅದೇ ಸೋಜಿಗ. ಟೋಯಿಕ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ 800 ತೆಗೆದವರು ಬರುತ್ತಾರೆ. ಅಲ್ಲಿನ ಕಂಪನಿಗಳು ಸಾಮಾನ್ಯವಾಗಿ ನೋಡುವ ಟೋಯಿಕ್‌ನಲ್ಲಿ ಇರುವುದು ಕೇಳುವುದು, ಓದುವುದು ಎರಡೇ. 200 ಪ್ರಶ್ನೆ ಮುಗಿಸಿ ಎದ್ದು ಬರುವವರೆಗೂ ಒಂದು ಮಾತು ಆಡಬೇಕಾಗಿಲ್ಲ. ವಿಶ್ವವಿದ್ಯಾಲಯ ಸೇರಲು 2021ರಲ್ಲಿ ಬಂದ ಹೊಸ ಪರೀಕ್ಷೆಯೂ ಹಾಗೇ: ಓದುವುದಕ್ಕೆ 100, ಕೇಳುವುದಕ್ಕೆ 100. ಮಾತಿಗೂ ಅಂಕ ಕೊಡೋಣ ಅಂತ ಹೊರಟಿದ್ದ ಸರ್ಕಾರ ಅದನ್ನು ಕೈಬಿಟ್ಟಿತು. ಹೀಗಾಗಿ ದಪ್ಪ ವರದಿ ಓದಿ ಮುಗಿಸುವ ಎಂಜಿನಿಯರಿಗೆ "ಭಾನುವಾರ ಏನು ಮಾಡಿದಿರಿ?" ಅಂದರೆ ಸದ್ದೇ ಇಲ್ಲ.

ಆ ಸದ್ದಿಲ್ಲದ ಹೊತ್ತಿನಲ್ಲಿ ಏನು ನಡೆಯುತ್ತಿದೆ ಅಂತ ಕನ್ನಡದವರಿಗೆ ಬೇಗ ಗೊತ್ತಾಗುತ್ತದೆ. ಅವರಲ್ಲೂ ಕ್ರಿಯಾಪದ ಕೊನೆಗೇ ಬರುವುದು. "ಭಾನುವಾರ, ತಂಗಿ ಜೊತೆ, ಕಡಲ ಹತ್ತಿರ" ಎಲ್ಲ ಜೋಡಿಸಿಟ್ಟುಕೊಂಡು, ಆಮೇಲೆ ಇಡೀ ಗಾಡಿ ತಿರುಗಿಸಿ ಇಂಗ್ಲಿಷಿನ ದಾರಿಗೆ ತರಬೇಕು. "ಡೋಂಟ್ ಯು ಲೈಕ್ ಕಾಫಿ?" ಅಂದರೆ "ಯೆಸ್" ಅನ್ನುತ್ತಾರೆ, ಇಷ್ಟ ಇಲ್ಲ ಅಂತ. ನಾವೂ "ಕಾಫಿ ಬೇಡ್ವಾ?" ಅಂದರೆ "ಹ್ಞೂಂ, ಬೇಡ" ಅನ್ನುವುದಿಲ್ವಾ? ಪಾಠದಲ್ಲಿ ಅವರು ತಲೆಯಾಡಿಸಿ "ಹಾಯ್, ಹಾಯ್" (ಜಪಾನಿಯಲ್ಲಿ ಹೌದು) ಅನ್ನುವುದೂ ಅರ್ಥವಾಯಿತು ಅಂತಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಅಂತ. ಹಾಗಾಗಿ ನಾನು "ಅರ್ಥವಾಯ್ತಾ?" ಅಂತ ಕೇಳುವುದೇ ಇಲ್ಲ. ಅದನ್ನೇ ಬಳಸಿ ಒಂದು ಮಾತು ಹೇಳಿ ಅನ್ನುತ್ತೇನೆ, ಆಮೇಲೆ ಕಾಯುತ್ತೇನೆ. ಉಚ್ಚಾರಣೆಯ ಪುಟಗಳನ್ನು ಮಾತ್ರ ಬೇಗ ದಾಟುತ್ತೇನೆ. ರ, ಲ ಬೆರೆತರೂ ಊಟದ ಮಾತಿನಲ್ಲಿ ರೈಸ್ ಯಾವುದು, ಲೈಸ್ (ಹೇನು) ಯಾವುದು ಅಂತ ಯಾರಿಗೂ ಅನುಮಾನ ಬರುವುದಿಲ್ಲ. ಅವರು "ಬಸು" ಅಂತಾರೆ, ನಾವು "ಬಸ್ಸು" ಅಂತೀವಿ. ಯಾವ ಮುಖ ಇಟ್ಟುಕೊಂಡು ತಿದ್ದಲಿ!

ಕಾದರೆ ಮಾತು ಬರುತ್ತದೆ. ಒಂದು ಸಂಜೆ ಅತ್ತೆ ಮರೆತು ಕುಕ್ಕರ್ ಇಟ್ಟುಬಿಟ್ಟಿದ್ದರು. ಮೂರು ವಿಷಲ್. ತಿಂಗಳುಗಟ್ಟಲೆ ನನ್ನ ಪ್ರಶ್ನೆಗೆ ಉತ್ತರ ಬಿಟ್ಟರೆ ಬೇರೇನೂ ಹೇಳದಿದ್ದ ನಾಗೋಯಾದ ಒಬ್ಬರು, ಬೆಂಗಳೂರಿನ ಆಫೀಸಿಗೆ ವರ್ಗವಾಗಲಿದ್ದವರು, ತಾವಾಗೇ ಕೇಳಿದರು: "ವಾಟ್ ಈಸ್ ದಟ್ ಸೌಂಡ್? ಡೇಂಜರಸ್?" ಅವತ್ತು ಪಠ್ಯ ಪಕ್ಕಕ್ಕೆ ಹೋಯಿತು. ಬೇಳೆ ಎಷ್ಟು ವಿಷಲ್, ಅನ್ನ ಎಷ್ಟು ವಿಷಲ್, ಎಣಿಸುವವರು ಯಾರು, ಎಣಿಕೆ ತಪ್ಪಿದರೆ ಏನಾಗುತ್ತದೆ ಅಂತ ಒಂದಾದ ಮೇಲೊಂದು ಪ್ರಶ್ನೆ. ಅರ್ಧಂಬರ್ಧ ವಾಕ್ಯಗಳೇ, ಆದರೆ ಎಲ್ಲ ಅವರವೇ.

ಈಗ ಸಿಟ್ಟಿನ ಭಾಗ. ಕಳೆದ ವರ್ಷ ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆ ಬಂತು. ಯಾರೂ ಮಾತಾಡದೆ ಕೆಲವು ಸೆಕೆಂಡ್ ಕಳೆದರೆ ಹಳದಿಯಾಗುತ್ತದೆ, ಇನ್ನೂ ಕಳೆದರೆ ಕೆಂಪು. ತಿಂಗಳ ಕೊನೆಗೆ ವರದಿ: ನಿಮ್ಮ ಪಾಠದಲ್ಲಿ ಮೌನ ಜಾಸ್ತಿ. ಕೆಂಪು ಜಾಸ್ತಿಯಾದರೆ ಹುಡುಕುವ ಪಟ್ಟಿಯಲ್ಲಿ ನಮ್ಮ ಹೆಸರು ಕೆಳಗೆ ಇಳಿಯುತ್ತದೆ, ಬುಕಿಂಗ್ ಕಡಿಮೆಯಾಗುತ್ತದೆ. 25 ನಿಮಿಷಕ್ಕೆ ದುಡ್ಡು ಕೊಟ್ಟವರಿಗೆ 25 ನಿಮಿಷವೂ ಸದ್ದು ಕೊಡಬೇಕು ಅನ್ನುವ ಅಂಗಡಿ ಲೆಕ್ಕ. ಮೌನದ ಬಗ್ಗೆ ನನ್ನ ವಿದ್ಯಾರ್ಥಿಗಳು ಒಬ್ಬರೂ ದೂರಿಲ್ಲ. "ಕಾದಿದ್ದಕ್ಕೆ ಥ್ಯಾಂಕ್ಸ್" ಅಂತ ಬರೆದವರಿದ್ದಾರೆ. ಆ ಸಾಲುಗಳನ್ನೇ ಸೇರಿಸಿ ಸಹಾಯ ವಿಭಾಗಕ್ಕೆ ಬರೆದೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಅಂತ ಉತ್ತರ ಬಂತು. ಗೆರೆ ಅಲ್ಲೇ ಇದೆ.

ಇದರಿಂದ ಏನಾಗಿದೆ ಅಂದರೆ, ಹೊಸದಾಗಿ ಸೇರಿದವರು ಹೆದರಿ ತಾವೇ ಮಾತಾಡುತ್ತಾರೆ. ವಿದ್ಯಾರ್ಥಿ ಪೂರ್ತಿ ಪಾಠ "ಯೆಸ್, ಯೆಸ್" ಅನ್ನುತ್ತಾ ಕೇಳುತ್ತಾರೆ. ಕೇಳುವುದು ಅವರಿಗೆ ಮೊದಲೇ ಬರುತ್ತಿತ್ತು!

ನಾನು ಒಂದು ಉಪಾಯ ಕಂಡುಕೊಂಡಿದ್ದೇನೆ. ಅವರು ಯೋಚಿಸುವಾಗ ಆಗಾಗ ಮೆಲ್ಲಗೆ "ಹ್ಞೂಂ" ಅನ್ನುತ್ತೇನೆ. ಗೆರೆಗೆ ಅಷ್ಟು ಸಾಕು, ಹಸಿರಾಗುತ್ತದೆ. ಮೊನ್ನೆಯಿಂದ ಒಸಾಕಾದ ಒಬ್ಬ ಅಜ್ಜಿ ನನಗೇ ತಿರುಗಿಸಿ "ಹ್ಞೂಂ" ಅನ್ನಲು ಶುರುಮಾಡಿದ್ದಾರೆ. ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ದುಡ್ಡು: ಪಾಠಕ್ಕೆ ನೂರು ಚಿಲ್ಲರೆ ರೂಪಾಯಿ, ಯಾರಾದರೂ ಬುಕ್ ಮಾಡಿದರೆ ಮಾತ್ರ. ಡಾಲರಿನಿಂದ ರೂಪಾಯಿಗೆ ಬರುವ ದಾರಿಯಲ್ಲಿ ಇನ್ನಷ್ಟು ಸೋರುತ್ತದೆ. ಈ ಕೆಲಸದಲ್ಲಿ ಫಿಲಿಪ್ಪೀನ್ಸಿನವರು ಬಹಳ ವರ್ಷಗಳಿಂದ ಪಳಗಿದ್ದಾರೆ, ದರ ಏರಿಸಿ ಗೆಲ್ಲುವುದು ಕಷ್ಟ. ನಮ್ಮ ಮನೆಯ ಕರೆಂಟ್, ಇಂಟರ್‌ನೆಟ್, ಹಾಲಿನ ಬಿಲ್ ಇದರಲ್ಲಿ ತೀರುತ್ತದೆ, ನನಗೆ ಅಷ್ಟು ಸಾಕು. ಬಾಡಿಗೆ ಕಟ್ಟಬೇಕಾದವರು ಇದನ್ನೇ ನಂಬಿ ಕೂರಬೇಡಿ, ಪಕ್ಕದ ಬೀದಿಯ ಮಕ್ಕಳಿಗೆ ಮನೆಪಾಠ ಹೇಳಿದರೆ ಇದಕ್ಕಿಂತ ಜಾಸ್ತಿ ಬರಬಹುದು. ಮಾತಿನ ಮಲ್ಲರಿಗೂ ಇದು ಒಗ್ಗುವುದಿಲ್ಲ, ಗೆರೆ ಸದಾ ಹಸಿರಾಗಿದ್ದರೂ ಸರಿ.

ಐದಕ್ಕೆ ಮೂರು ನಕ್ಷತ್ರ. ಗೆರೆ ತೆಗೆದರೆ ಇನ್ನೊಂದು ಸೇರಿಸುತ್ತೇನೆ. ಐದನೆಯದು, ದರ ಏರಿಸಿದ ಮೇಲೆ ನೋಡೋಣ.