ಹಸಿ ಸ್ಲೈಡಾ, ತೊಳೆದ ಚಿಪ್ಪಾ?

ಅಂಟಾರ್ಕ್ಟಿಕದ ಸಮುದ್ರದ ಮಂಜುಗಡ್ಡೆ ಕರಗಿಸಿದ ನೀರು, ಅದಕ್ಕೆ ಸ್ವಲ್ಪ ಅಯೋಡಿನ್. ಅಂಥದೊಂದು ಪುಟ್ಟ ಬಾಟಲಿಯನ್ನು ಗೆಳತಿ ಮಡಿಕೇರಿಗೆ ತಂದುಕೊಟ್ಟಳು. ಹೊಸ ಡಯಾಟಮ್ ಸಿಕ್ಕರೆ ಅವಳ ಹೆಸರಿಡಬೇಕಂತೆ! ಡಯಾಟಮ್ ಅಂದರೆ ಗಾಜಿನಂಥ ಸಿಲಿಕಾ ಚಿಪ್ಪಿನೊಳಗೆ ಬದುಕುವ ಒಂಟಿ ಕೋಶದ ಪಾಚಿ. ಸೂಕ್ಷ್ಮದರ್ಶಕದಲ್ಲಿ ಎರಡು ರೀತಿ ನೋಡಿದೆ: ನೀರಿನ ಹನಿಯನ್ನು ಹಾಗೇ ಇಟ್ಟ ಹಸಿ ಸ್ಲೈಡಿನಲ್ಲಿ, ಮತ್ತೆ ಚಿಪ್ಪು ತೊಳೆದು.

ಹಸಿ ಸ್ಲೈಡ್ ಎರಡು ನಿಮಿಷದ ಕೆಲಸ. ಒಂದು ಹನಿ, ಮೇಲೊಂದು ಕವರ್‌ಸ್ಲಿಪ್, ಅಷ್ಟೇ. 400 ಪಟ್ಟು ಹಿಗ್ಗಿಸಿದಾಗ ಫ್ರಾಜಿಲೇರಿಯಾಪ್ಸಿಸ್ ಎಂಬ ಡಯಾಟಮ್ ಕುಲದ ಕೋಶಗಳು ಬೆಂಕಿಪೊಟ್ಟಣ ಒತ್ತಾಗಿ ಜೋಡಿಸಿದ ಹಾಗೆ ಪಟ್ಟಿಯಾಗಿ ಕಂಡವು. ಚೆಂದ ಹೌದು, ಆದರೆ ಕಾಣುವುದು ಬರೀ ಪಕ್ಕ. ಹೆಸರು ಹೇಳಲು ಬೇಕಾದ ಗೆರೆಗಳು ಚಿಪ್ಪಿನ ಮುಖದ ಮೇಲಿವೆ. 10 ಮೈಕ್ರಾನ್‌ನಲ್ಲಿ (ಮಿಲಿಮೀಟರಿನ ನೂರನೇ ಒಂದು ಪಾಲು) 9ರಿಂದ 12 ಗೆರೆ ಇದ್ದರೆ ಈ ಕುಲದ ಕರ್ಟಾ ಪ್ರಭೇದ, 13ರಿಂದ 17 ಇದ್ದರೆ ಸಿಲಿಂಡ್ರಸ್ ಪ್ರಭೇದ. ಉದ್ದವನ್ನು ನಂಬುವ ಹಾಗಿಲ್ಲ. ಕೋಶ ಎರಡಾದಾಗ ಹೊಸ ಅರ್ಧಚಿಪ್ಪು ಹಳೆಯದರ ಒಳಗೇ ಬೆಳೆಯುತ್ತದೆ, ಹಾಗಾಗಿ ತಲೆಮಾರು ಕಳೆದಂತೆ ಸೈಜು ಸಣ್ಣಗಾಗುತ್ತದೆ.

ತೊಳೆಯುವುದು ಮಾತ್ರ ರಗಳೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಬಿಸಿ ಮಾಡಬೇಕು. ಒಳಗಿನದೆಲ್ಲ ಹೋಗಿ ಚಿಪ್ಪು ಉಳಿಯುತ್ತದೆ, ಅದನ್ನು ಮತ್ತೆ ಮತ್ತೆ ನೀರಲ್ಲಿ ತೊಳೆಯಬೇಕು. ಮೊದಲ ಸಲ ನೊರೆ ಉಕ್ಕಿ ಅರ್ಧ ಟ್ಯೂಬು ಬಚ್ಚಲು ಪಾಲಾಯಿತು. ಮೇಲಿಂದ ಜುಲೈ ಮಳೆ. ಕವರ್‌ಸ್ಲಿಪ್ ಮೇಲಿನ ಹನಿ ಎರಡು ದಿನವಾದರೂ ಒಣಗಲಿಲ್ಲ. ಕೊನೆಗೆ ಸೌದೆ ಒಲೆ ಪಕ್ಕ, ಕಾಳುಮೆಣಸಿನ ತಟ್ಟೆ ಜೊತೆ ಇಟ್ಟೆ. ನ್ಯಾಫ್ರಾಕ್ಸ್ ಅಂಟಿನಲ್ಲಿ ಕೂರಿಸಿ, ಎಣ್ಣೆ ಲೆನ್ಸಿನಲ್ಲಿ 1000 ಪಟ್ಟು ಮಾಡಿದಾಗ ಗೆರೆಗಳು ಬಾಚಣಿಗೆ ಹಲ್ಲಿನ ಹಾಗೆ ಎಣಿಕೆಗೆ ಸಿಕ್ಕವು. ಹಸಿ ಸ್ಲೈಡ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಅಲ್ಲೇ ಒಂದು ವಿಚಿತ್ರ ಚಿಪ್ಪು! ಒಂದು ತುದಿ ದಪ್ಪ, ಇನ್ನೊಂದು ಸಪೂರ. ಕರ್ಟಾಗೂ ಒಂದು ತುದಿ ಅಗಲವೇ, ಆದರೆ ಫ್ರಾಜಿಲೇರಿಯಾಪ್ಸಿಸ್‌ನ ಚಿಪ್ಪಿನ ಉದ್ದಕ್ಕೂ ಓಡುವ ಸೀಳು ಅಂಚಿನಲ್ಲಿರುತ್ತದೆ. ಇದರದ್ದು ನಟ್ಟನಡುವೆ. ಗೆಳತಿಗೆ ಫೋನ್ ಮಾಡೇಬಿಡೋಣ ಅನ್ನಿಸಿತು. ಸುಮ್ನೆ ಒಮ್ಮೆ ಹಳೆಯ ಹಸಿ ಸ್ಲೈಡ್‌ಗಳನ್ನು ತೆಗೆದು ಹುಡುಕಿದೆ. ಎಂಟು ಸ್ಲೈಡಿನಲ್ಲೂ ಅಂಥದ್ದೊಂದಿಲ್ಲ. ಆಗ ಹೊಳೆಯಿತು: ಡಿಸ್ಟಿಲ್ಡ್ ವಾಟರ್ ಮುಗಿದಾಗ ಕೊನೆಯ ಸಲ ತೊಳೆದದ್ದು ನಲ್ಲಿ ನೀರಲ್ಲಿ. ನಮ್ಮ ನಲ್ಲಿಗೆ ಬರುವುದು ತೋಟದ ತೋಡಿನ ನೀರು. ಆ ನೀರನ್ನೇ ಒಂದು ಹನಿ ಒಣಗಿಸಿ ನೋಡಿದರೆ ಅದೇ ಚಿಪ್ಪುಗಳು. ತೋಡಿನ ಕಲ್ಲಿಗೆ ಅಂಟುವ ಗಾಂಫೊನೀಮಾ, ಸಿಹಿನೀರಿನದು!

ಹೆಸರಿಗೆ ಈಗಲೂ ತೊಳೆದ ಚಿಪ್ಪನ್ನೇ ನಂಬುತ್ತೇನೆ. ಆದರೆ ಹಸಿ ಸ್ಲೈಡ್ ನೋಡದೆ ಟ್ಯೂಬು ಬಿಸಿ ಮಾಡುವುದಿಲ್ಲ. ನಿಜವಾಗಿ ಹೊಸದು ಸಿಕ್ಕರೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಡಿಎನ್‌ಎ ಎರಡೂ ಇದ್ದರೆ ಗಟ್ಟಿ, ತೊಳೆದ ಚಿಪ್ಪಲ್ಲಿ ಡಿಎನ್‌ಎ ಎಲ್ಲಿಂದ ಬರಬೇಕು? ಅದಕ್ಕೇ ಅರ್ಧ ಬಾಟಲಿ ಮುಟ್ಟದೆ ಫ್ರಿಜ್ಜಿನಲ್ಲಿದೆ, ಪಂದಿಕರಿ ಡಬ್ಬದ ಹಿಂದೆ.